ಆಕರದಿಂದ ವಾಕ್ಯಕ್ಕೆ

ಕೇಳುಗರಿಗೆ ನಮಸ್ಕಾರ.

ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಪದೇ ಪದೇ ಎದುರಾಗುವ ಒಂದು ವಾಕ್ಯವಿದೆ: 'ಹಲ್ಮಿಡಿ ಶಾಸನವು ಕ್ರಿ.ಶ. 450ಕ್ಕೆ ಸೇರಿದ, ಕನ್ನಡದ ಮೊಟ್ಟಮೊದಲ ಶಾಸನ.' ಇದು ಹೇಗೆ ಗೊತ್ತು ಎಂದು ಕೇಳಿದರೆ 'ಪುಸ್ತಕದಲ್ಲಿದೆ' ಎಂಬ ಉತ್ತರ ಬರುತ್ತದೆ. ಆ ಪುಸ್ತಕಕ್ಕೆ ಅದು ಎಲ್ಲಿಂದ ಬಂತು ಎಂದು ಹಿಂದೆ ಹೋಗಿ ನೋಡುವುದೇ ಸಂಶೋಧನೆಯ ಮೊದಲ ಕೆಲಸ.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಆ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು. ಅದರ 16 ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಎಲ್ಲಿಯೂ ಶಕವರ್ಷ ಸಿಗುವುದಿಲ್ಲ. ಅಲ್ಲಿರುವುದು ಕದಂಬ ವಂಶದ ಅರಸ ಕಾಕುಸ್ಥನ ಹೆಸರು, ವಿಜ ಅರಸನೆಂಬ ವೀರನಿಗೆ ಊರುಗಳನ್ನು ದತ್ತಿಯಾಗಿ ಕೊಟ್ಟ ಸಂಗತಿ ಮತ್ತು ಆ ಕಾಲದ ಲಿಪಿ. 450 ಎಂಬುದು ಇಂಥ ಆಧಾರಗಳಿಂದ ವಿದ್ವಾಂಸರು ತಲುಪಿದ ನಿರ್ಣಯ. ಶಾಸನದ ಕಾಲ ಇನ್ನೂ ಈಚಿನದೆಂದು ವಾದಿಸಿದವರೂ ಉಂಟು. 'ಮೊಟ್ಟಮೊದಲ' ಎಂಬ ವಿಶೇಷಣವೂ, ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸಿಂಹಕಟಾಂಜನ ಶಾಸನ (ಸಿಂಹದ ಕೆತ್ತನೆಯಿರುವ ಕಲ್ಲಿನ ಕಟಾಂಜನದ ಮೇಲಿನ ಬರಹ) ಅದಕ್ಕಿಂತ ಹಳೆಯದೆಂಬ ವಾದ ಬಂದ ಮೇಲೆ, ಮೊದಲಿನಷ್ಟು ನಿಶ್ಚಿಂತವಾಗಿ ಬಳಸುವಂಥದ್ದಲ್ಲ. ಆದ್ದರಿಂದ 'ಕಾಕುಸ್ಥನ ಉಲ್ಲೇಖ ಮತ್ತು ಲಿಪಿಯ ಆಧಾರದಿಂದ ಸುಮಾರು 450ರದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ' ಎಂದು ಬರೆದು, ಯಾರು ಒಪ್ಪಿದ್ದಾರೆ, ಯಾರು ಒಪ್ಪಿಲ್ಲ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರೆ ವಾಕ್ಯ ಉದ್ದವಾದರೂ ಪರೀಕ್ಷಕರ ಪ್ರಶ್ನೆಗೆ ನಿಲ್ಲುತ್ತದೆ.

ಹೀಗೆ ಬರೆಯುವುದು ಸಾಧ್ಯವಾಗಬೇಕಾದರೆ ಟಿಪ್ಪಣಿ ಮಾಡಿಕೊಳ್ಳುವಾಗಲೇ ಶಿಸ್ತು ಬೇಕು. ಲೇಖಕ, ಕೃತಿ, ಮುದ್ರಣದ ವರ್ಷ, ಪುಟಸಂಖ್ಯೆ ಇಷ್ಟನ್ನೂ ಓದುತ್ತಿರುವಾಗಲೇ ಗುರುತು ಹಾಕಿಕೊಳ್ಳಬೇಕು. ಯಥಾವತ್ತಾಗಿ ಇಳಿಸಿಕೊಂಡ ಸಾಲುಗಳಿಗೆ ಉದ್ಧರಣ ಚಿಹ್ನೆ ಹಾಕಿ, ತಮಗೆ ತೋಚಿದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಬೇಕು. ಆರು ತಿಂಗಳ ನಂತರ ಟಿಪ್ಪಣಿ ಪುಸ್ತಕ ತೆರೆದಾಗ ಯಾವ ಮಾತು ಯಾರದು ಎಂಬುದು ನೆನಪಿರುವುದಿಲ್ಲ. ಕೃತಿಚೌರ್ಯದ ಎಷ್ಟೋ ಪ್ರಕರಣಗಳಿಗೆ ಮೂಲ ದುರುದ್ದೇಶಕ್ಕಿಂತ ಈ ಮರೆವೇ ಎಂದು ನನ್ನ ಅಭಿಪ್ರಾಯ.

 

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಮಹಾಪ್ರಬಂಧದಲ್ಲಿ, ಅಂದರೆ ಪಿಎಚ್.ಡಿ. ಪ್ರಬಂಧದಲ್ಲಿ, ಇತರರ ಬರಹಗಳೊಂದಿಗೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇಕಡಾ 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಈ ಅಂಕಿಯನ್ನು ಕೆಳಗಿಳಿಸುವುದೇ ಸಂಶೋಧನೆ ಎಂಬಂತೆ, ಪದಗಳನ್ನು ಹಿಂದುಮುಂದು ಮಾಡುತ್ತ ವಾರಗಟ್ಟಲೆ ಕಳೆಯುವವರಿದ್ದಾರೆ. ಅದರ ಬದಲು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ದೊರೆಯುವ ಮಹಾಪ್ರಬಂಧಗಳಲ್ಲಿ ತಮ್ಮ ವಿಷಯಕ್ಕೆ ಹತ್ತಿರವಾದ ಎರಡು-ಮೂರನ್ನು ತೆರೆದು, ಆ ಸಂಶೋಧಕರು ಮೂಲ ಆಕರವನ್ನೇ ನೋಡಿದ್ದಾರೆಯೇ, ಇನ್ನೊಬ್ಬರು ಉಲ್ಲೇಖಿಸಿದ್ದನ್ನು ಎತ್ತಿಕೊಂಡಿದ್ದಾರೆಯೇ ಎಂದು ಪರಿಶೀಲಿಸಿದರೆ ಕಲಿಯುವುದು ಹೆಚ್ಚು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಲೇಖನವೊಂದರ ಎರಡು ಪುಟಗಳನ್ನು ಕನ್ನಡಕ್ಕೆ ತಂದು ತಮ್ಮದೆಂಬಂತೆ ಸೇರಿಸಿದರೆ, ಅಕ್ಷರಗಳನ್ನು ಹೋಲಿಸುವ ತಂತ್ರಾಂಶದ ಕಣ್ಣಿಗೆ ಅದು ಬೀಳದೇ ಹೋಗಬಹುದು. ಆದರೂ ಅದು ಕೃತಿಚೌರ್ಯವೇ. 'ಅನುವಾದ ನನ್ನದು' ಎಂದು ನಮೂದಿಸಿ ಮೂಲದ ಪುಟಸಂಖ್ಯೆ ಕೊಟ್ಟರೆ, ವಿಚಾರ ಯಾರದೆಂಬುದು ಸ್ಪಷ್ಟವಾಗುವುದಲ್ಲದೆ, ಅನುವಾದ ಸರಿಯಾಗಿದೆಯೇ ಎಂದು ಓದುಗರು ತಾವೇ ಮೂಲವನ್ನು ತೆರೆದು ನೋಡಬಹುದು.