20ರ ವೇಗದಲ್ಲಿ ದೊಡ್ಡ ಬೈಕು

ಕೇಳುಗರಿಗೆಲ್ಲ ನಮಸ್ಕಾರ.

ದೊಡ್ಡ ಟೂರಿಂಗ್ ಬೈಕುಗಳ, ಅಂದರೆ ದೂರದ ಪ್ರಯಾಣಕ್ಕೆ ಅಂತಲೇ ಮಾಡಿದ ಬೈಕುಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟುಕೊಂಡವನಿಗೆ ಇದಕ್ಕಿಂತ ಖುಷಿಯ ವಿಷಯ ಯಾವುದಿದೆ? ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡಿರುವ ಅಮ್ಮಂದಿರು ದಯವಿಟ್ಟು ಆಫ್ ಮಾಡಬೇಡಿ. ನಿಮ್ಮ ಮಗನೂ ಒಂದು ದಿನ ಇಂಥ ಬೈಕಿನ ಫೋಟೋ ತಂದು ನಿಮ್ಮ ಮುಂದೆ ಹಿಡಿಯುತ್ತಾನೆ. ಅವನನ್ನು ಏನು ಕೇಳಬೇಕು ಅಂತ ನಿಮಗೂ ಗೊತ್ತಿರಲಿ.

ಗ್ಯಾರೇಜಿಗೆ ಬರುವ ಹುಡುಗರು ಕೇಳುವುದು ಎರಡೇ. ಎಷ್ಟು ಸಿಸಿ? ಟಾಪ್ ಸ್ಪೀಡ್ ಎಷ್ಟು? ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. 20ರ ವೇಗದಲ್ಲಿ ಹೇಗೆ ಓಡುತ್ತದೆ? ಅವರು ನಗುತ್ತಾರೆ. ಗಂಟೆಗೆ 20 ಕಿಲೋಮೀಟರ್ ಸೈಕಲ್ಲೂ ಹೋಗುತ್ತಲ್ಲ ಸಾರ್ ಅನ್ನುತ್ತಾರೆ. ಹೋಗುತ್ತದೆ ಮಾರಾಯ. ಆದರೆ ಸೈಕಲ್ಲು 240 ಕೆಜಿ ಇರುವುದಿಲ್ಲ, ಅಲ್ವಾ?

ನಮ್ಮೂರಿಂದ ಸಮುದ್ರದ ಕಡೆ ಯಾವ ದಾರಿ ಹಿಡಿದರೂ ಘಾಟಿ ಇಳಿಯಲೇಬೇಕು. ತೀರ್ಥಹಳ್ಳಿ ದಾಟಿದರೆ ಆಗುಂಬೆ, 14 ಹೇರ್‌ಪಿನ್ ತಿರುವು. ಮಾಸ್ತಿಕಟ್ಟೆ ಕಡೆಯಿಂದ ಹೋದರೆ ಹುಲಿಕಲ್ಲು. ನಿಟ್ಟೂರು ಮೇಲೆ ಹೋದರೆ ಕೊಲ್ಲೂರು ಘಾಟಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಹುಲಿಕಲ್ಲೂ ಮಳೆಯಲ್ಲಿ ಹಿಂದೆ ಬಿದ್ದ ಊರಲ್ಲ. ಇಂಥ ಜಾಗದಲ್ಲಿ ಮುಂದೆ ಲಾರಿ, ಹಿಂದೆ ಹೆಂಡತಿ, ಎರಡೂ ಪಕ್ಕ ಸಾಮಾನಿನ ಪೆಟ್ಟಿಗೆ. ನಿಮ್ಮ ಟಾಪ್ ಸ್ಪೀಡ್ ತಗೊಂಡು ಏನು ಮಾಡುತ್ತೀರಿ?

ಕಂಪನಿಯವರು ಹೇಳುವ ಹಾರ್ಸ್‌ಪವರ್ ಇದೆಯಲ್ಲ, ಅದು ಎಂಜಿನ್ ಜೋರಾಗಿ ತಿರುಗುವಾಗ ಸಿಗುವ ಲೆಕ್ಕ. ಎಷ್ಟೋ ಬೈಕುಗಳಲ್ಲಿ ಅದು ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು. ಘಾಟಿಯಲ್ಲಿ ನೀವು ಮೂರು ಸಾವಿರದ ಆಸುಪಾಸಿನಲ್ಲಿ ಇರುತ್ತೀರಿ. ಅಲ್ಲಿ ಬೇಕಾಗುವುದು ಟಾರ್ಕ್, ಅಂದರೆ ಎಳೆತ. ತುಂಬಿದ ಗಾಡಿ ಕಟ್ಟಿಕೊಂಡು ಏರು ಹತ್ತುವ ಎತ್ತು ಓಡುವುದಿಲ್ಲ, ಎಳೆಯುತ್ತದೆ. ಅಷ್ಟೇ ವಿಷಯ.

ರಾಯಲ್ ಎನ್‌ಫೀಲ್ಡ್‌ನವರು 2016ರಲ್ಲಿ ತಂದ ಮೊದಲ ಹಿಮಾಲಯನ್ ನೋಡಿ. 411 ಸಿಸಿಗೆ ಬರೀ 24 ಹಾರ್ಸ್‌ಪವರ್. ಹುಡುಗರು ಮೂಗು ಮುರಿದರು. ಆದರೆ ಅದರ 32 ನ್ಯೂಟನ್ ಮೀಟರ್ ಎಳೆತ ನಾಲ್ಕು, ನಾಲ್ಕೂವರೆ ಸಾವಿರ ಸುತ್ತಿಗೇ ಪೂರ್ತಿ ಸಿಗುತ್ತದೆ. ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಸುಮ್ನೆ ಕೂತರೆ ಹತ್ತಿಕೊಂಡು ಹೋಗುತ್ತದೆ. ಇನ್ನೊಂದು ತುದಿಗೆ ಹೋಂಡಾ ಗೋಲ್ಡ್ ವಿಂಗ್. 1833 ಸಿಸಿ, ಆರು ಸಿಲಿಂಡರ್, ತೂಕ 400 ಕೆಜಿಯ ಹತ್ತಿರ. ಅದರ 170 ನ್ಯೂಟನ್ ಮೀಟರ್ ಕೂಡ ಸಿಗುವುದು 4500 ಸುತ್ತಿನಲ್ಲೇ. ಸಿಲಿಂಡರುಗಳನ್ನು ಆ ಕಡೆ ಮೂರು, ಈ ಕಡೆ ಮೂರು ಮಲಗಿಸಿಟ್ಟಿದ್ದಾರೆ. ಹಾಗಾಗಿ ಭಾರವೆಲ್ಲ ಕೆಳಗೇ ಕೂರುತ್ತದೆ. 1988ರಲ್ಲೇ ಅದಕ್ಕೆ ರಿವರ್ಸ್ ಕೂಡ ಕೊಟ್ಟರು. ಬೈಕಿಗೆ ರಿವರ್ಸ್ ಯಾಕೆ ಅಂತ ನಗುವವರು, ಇಳಿಜಾರಿನ ಅಂಗಳದಲ್ಲಿ ಅಂಥದ್ದನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಆಮೇಲೆ ಹಿಂದಕ್ಕೆ ತಳ್ಳಿ ನೋಡಲಿ. ದೊಡ್ಡ ಗಾಡಿಯ ಕಷ್ಟ ನಿಧಾನದಲ್ಲಿ ಇದೆ ಅಂತ ಅದನ್ನು ಮಾಡಿದವರಿಗೆ ಗೊತ್ತು. ಕೊಳ್ಳುವವರಿಗೆ ಗೊತ್ತಿಲ್ಲ.

ಇದಕ್ಕೊಂದು ಕಥೆ ಹೇಳುತ್ತೇನೆ. ಜೋರು ಮಳೆಗಾಲ. ಮಾಸ್ತಿಕಟ್ಟೆಯಿಂದ ಒಂದು ಫೋನ್ ಬಂತು. ಮಾತಾಡಿದ್ದು ಬಸ್ ಕಂಡಕ್ಟರ್. ಹುಲಿಕಲ್ ಘಾಟಿಯಲ್ಲಿ ಬೆಂಗಳೂರಿನವರೊಬ್ಬರು ಬೈಕ್ ನಿಲ್ಲಿಸಿಕೊಂಡು ಕೂತಿದ್ದಾರೆ, ಅಲ್ಲಿ ಸಿಗ್ನಲ್ ಇಲ್ಲ, ನಿಮ್ಮ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟರು ಅಂದ. ಅವರ ಶಿವಮೊಗ್ಗದ ನೆಂಟರು ನಮ್ಮ ಗ್ಯಾರೇಜಿನ ಗಿರಾಕಿ. ಹೋಗದಿದ್ದರೆ ಆಗುತ್ತದಾ? ಹುಡುಗನನ್ನು ಕರೆದುಕೊಂಡು ಜೀಪು ತೆಗೆದೆ.

ಹೋಗಿ ನೋಡಿದರೆ ರಸ್ತೆ ಪಕ್ಕದಲ್ಲಿ ಒಂದು ಭಾರೀ ಗಾಡಿ. ಯಾವ ಕಂಪನಿದು ಅಂತ ಕೇಳಬೇಡಿ, ಹೇಳುವುದಿಲ್ಲ. ಅದರ ಬೆಲೆಗೆ ನಮ್ಮ ಕಡೆ ಒಂದು ಮನೆ ಕಟ್ಟಬಹುದು. ಕುಂದಾಪುರದಿಂದ ಹತ್ತಿಕೊಂಡು ಬರುತ್ತಿದ್ದಾರೆ. ಗಂಡ ರೇನ್‌ಕೋಟಿನಲ್ಲಿ ಬೈಕನ್ನೇ ನೋಡುತ್ತಾ ನಿಂತಿದ್ದಾರೆ. ಹೆಂಡತಿ ಕೊಡೆ ಹಿಡಿದು ಗಂಡನನ್ನು ನೋಡುತ್ತಾ ನಿಂತಿದ್ದಾರೆ. ಆ ನೋಟ ನಾನು ಹೇಳಬೇಕಾಗಿಲ್ಲ.

ಏನಾಯ್ತು ಸಾರ್ ಅಂದೆ. ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬೇರೆ ಅಂದರು. ಎಷ್ಟು ಹೊತ್ತಿಂದ ಲಾರಿ ಹಿಂದೆ ಬಂದಿರಿ ಅಂತ ಕೇಳಿದೆ. ನಿಮಗೆ ಹೇಗೆ ಗೊತ್ತಾಯ್ತು ಅಂದರು! ಇದರಲ್ಲಿ ಮಂತ್ರ ಏನೂ ಇಲ್ಲ. ಕೆಲವು ಗಾಡಿಗಳಲ್ಲಿ ಮೊದಲನೇ ಗೇರೇ ಉದ್ದ ಇರುತ್ತದೆ, ಅಂದರೆ ಎಂಜಿನ್ ನಿಧಾನ ತಿರುಗಿದರೂ ಗಾಡಿ ಜೋರಾಗಿ ಹೋಗುತ್ತದೆ. ಕ್ಲಚ್ ಪೂರ್ತಿ ಬಿಟ್ಟರೆ 15ರ ವೇಗದಲ್ಲಿ ಹೋಗಲು ಬರುವುದಿಲ್ಲ, ಗಾಡಿ ಜಗ್ಗುತ್ತದೆ. ಲೋಡ್ ಲಾರಿ ಅದಕ್ಕಿಂತ ಜಾಸ್ತಿ ಹೋಗುವುದಿಲ್ಲ. ಆಗ ಇವರು ಏನು ಮಾಡುತ್ತಾರೆ? ಅರ್ಧ ಕ್ಲಚ್ ಹಿಡಿದೇ ಹತ್ತುತ್ತಾರೆ. ಒಳಗೆ ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಂಡು ಕಾದು, ಹಿಡಿತ ಬಿಡುತ್ತವೆ. ಎಂಜಿನ್ ತಿರುಗುತ್ತದೆ, ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ.

ನಾವು ಮಾತಾಡುತ್ತಿರುವಾಗ ಒಬ್ಬರು ಯಜಮಾನರು ಹಳೇ 100 ಸಿಸಿ ಬೈಕಿನಲ್ಲಿ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಡುಗುಡುಗು ಅಂತ ಹತ್ತಿ ಬಂದರು. ನಿಲ್ಲಿಸಿದರು. ದೊಡ್ಡ ಬೈಕನ್ನು ಒಂದು ಸುತ್ತು ಹಾಕಿದರು. ಮಾರ್ತೀರಾ ಅಂತ ಕೇಳಿದರು. ಇಲ್ಲ ಅಂದಾಗ, ಮತ್ಯಾಕೆ ಇಲ್ಲಿ ನಿಲ್ಸಿದ್ದೀರಿ ಅಂತ ಹೇಳಿ ಹೋಗಿಬಿಟ್ಟರು. ಆ ಹೆಂಗಸು ಅವತ್ತು ಮೊದಲ ಸಲ ನಕ್ಕದ್ದು ಆಗಲೇ ಅಂತ ಕಾಣುತ್ತದೆ.

ನಾನು ಹೋಗುವ ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಕ್ಲಚ್ ತಣ್ಣಗಾಗಿತ್ತು. ಆಯಿಲ್ ನೋಡಿದೆ, ಸರಿ ಇತ್ತು. ಸ್ಪ್ಯಾನರ್ ಮುಟ್ಟಲೇ ಇಲ್ಲ. ಆ ಅಮ್ಮನನ್ನೂ ಪೆಟ್ಟಿಗೆಗಳನ್ನೂ ಜೀಪಿಗೆ ಹಾಕಿದೆ. ಒಂದು ಲಾರಿ ಹೋಗುವುದಿತ್ತು, ಅದು ಎರಡು ತಿರುವು ಮುಂದೆ ಹೋಗುವವರೆಗೆ ಕಾಯ್ದೆವು. ಆಮೇಲೆ ನಾನೇ ಹತ್ತಿಸಿದೆ, ಕ್ಲಚ್ ಪೂರ್ತಿ ಬಿಟ್ಟು. ತಿರುವಿನಲ್ಲಿ ಹಿಂದಿನ ಬ್ರೇಕನ್ನು ಸ್ವಲ್ಪ ಒತ್ತಿ ಹಿಡಿದು, ಕಣ್ಣು ತಿರುವಿನ ಆಚೆಗೆ ಇಟ್ಟು ಓಡಿಸಿದರೆ ಎಂಥ ಆನೆಯಂಥ ಗಾಡಿಯೂ ಮಾತು ಕೇಳುತ್ತದೆ. ಮಾಸ್ತಿಕಟ್ಟೆಯಲ್ಲಿ ಚಹಾ ಕುಡಿದೆವು. ಪ್ಲೇಟು ಒಂದು ಸಲ ಬಿಚ್ಚಿ ನೋಡಿಸಿ ಅಂತ ಹೇಳಿ ಕಳಿಸಿದೆ.

ಆದರೆ ಆ ಅಮ್ಮ ಜೀಪಿನಲ್ಲಿ ನಮ್ಮ ಹುಡುಗನಿಗೆ ಹೇಳಿದ ಮಾತು ಕೇಳಿ. ಹೈವೇಯಲ್ಲಿ ಸೋಫಾದಲ್ಲಿ ಕೂತ ಹಾಗೆ ಇತ್ತಂತೆ. ಘಾಟಿ ಶುರುವಾದ ಮೇಲೆ ಪ್ರತಿ ಬ್ರೇಕಿಗೂ ಜಾರಿ ಗಂಡನ ಬೆನ್ನಿಗೆ ಹೋಗಿ ಬೀಳುವುದು, ಮತ್ತೆ ಹಿಂದೆ ಸರಿಯುವುದು. ಸೊಂಟ ಹೋಯ್ತು ಅಂದರಂತೆ. ಕಂಫರ್ಟ್ ಅಂದರೆ ಮೆತ್ತನೆ ಸೀಟು ಅಂತ ತಿಳಿದವರಿಗೆ ಇದು ಹೊಳೆಯುವುದಿಲ್ಲ. ಹಿಂದೆ ಕೂರುವವರಿಗೆ ಕೈಗೆ ಗಟ್ಟಿ ಹಿಡಿ ಬೇಕು, ಬೆನ್ನಿಗೆ ಆನಿಕೆ ಬೇಕು, ಕಾಲಿಡಲು ಸರಿಯಾದ ಜಾಗ ಬೇಕು. ಇದನ್ನು ನೋಡುವುದೂ 20ರ ವೇಗದಲ್ಲೇ.

ಕಥೆ ಉದ್ದ ಆಯ್ತು, ಹೊತ್ತು ಕಮ್ಮಿ ಇದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬಿಸಿ. 80ರಲ್ಲಿ ಗಾಳಿ ಎಲ್ಲಾ ಬಿಸಿಯನ್ನೂ ಎತ್ತಿಕೊಂಡು ಹೋಗುತ್ತದೆ. 20ರಲ್ಲಿ ಗಾಳಿ ಇಲ್ಲ. ರೇಡಿಯೇಟರ್ ಫ್ಯಾನ್ ತಿರುಗಿ ಬಿಸಿಯನ್ನು ನಿಮ್ಮ ತೊಡೆಗೇ ಹೊಡೆಯುತ್ತದೆ. ಮುಂದಿನ ಗಾಜು ಎತ್ತರ ಇದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆಗುಂಬೆಯ ಮಂಜಿನಲ್ಲಿ ಆ ಗಾಜಿನ ಮೂಲಕ ನೋಡಿ, ಏನು ಕಾಣುತ್ತದೆ? ಗಾಜಿನ ಮೇಲಿನಿಂದ ರಸ್ತೆ ಕಾಣುವಷ್ಟು ಎತ್ತರ ಸಾಕು.

ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ. ಪೆಟ್ರೋಲ್ ಉಳಿಯುತ್ತೆ ಅಂತ ಈಗಲೂ ಮಾಡುವವರಿದ್ದಾರೆ, ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಗಾಡಿ ಹಿಡಿಯುತ್ತದೆ, ಬ್ರೇಕ್ ಕಾಯುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯವಾಗಿ ಬಂದಿದೆ, ಒಳ್ಳೆಯದೇ. ಆದರೆ ಸವೆದ ಟೈರಿಗೆ ಎಬಿಎಸ್ ಏನು ಮಾಡೀತು?

ಚೈನು. ನಮ್ಮ ಮಳೆ ಚೈನಿನ ಎಣ್ಣೆಯನ್ನು ತೊಳೆದು ಹಾಕುತ್ತದೆ, ಕೆಂಪು ಮಣ್ಣು ಬಂದು ಕೂರುತ್ತದೆ. ಮಳೆಯಲ್ಲಿ ಓಡಿಸಿದ ದಿನ ಸಂಜೆ ಒರೆಸಿ ಎಣ್ಣೆ ಹಾಕಿ. ಒಣಗಿದ ಚೈನು ಮೊದಲು ಜಗ್ಗುವುದು ಎಲ್ಲಿ ಹೇಳಿ? ಅದೇ 20ರ ವೇಗದಲ್ಲಿ. ಬಿಎಂಡಬ್ಲ್ಯೂ ಆರ್ 1250 ಜಿಎಸ್, ಗೋಲ್ಡ್ ವಿಂಗ್ ಇವಕ್ಕೆಲ್ಲ ಚೈನಿನ ಬದಲು ಶಾಫ್ಟ್ ಇದೆ, ಅಂದರೆ ಕೊಳವೆಯೊಳಗೆ ತಿರುಗುತ್ತಾ ಚಕ್ರ ತಿರುಗಿಸುವ ದಂಡ. ಮಳೆ, ಕೆಸರು ಅದಕ್ಕೆ ತಾಗುವುದಿಲ್ಲ. ಹೇಳಿದ ಹೊತ್ತಿಗೆ ಗೇರ್ ಆಯಿಲ್ ಬದಲಿಸಿದರೆ ಆಯ್ತು. ತೂಕ ಜಾಸ್ತಿ, ದುಡ್ಡೂ ಜಾಸ್ತಿ.

ಗಟ್ಟಿಮುಟ್ಟು ಅಂದರೆ ಕೆಡದೇ ಇರುವುದು ಮಾತ್ರ ಅಲ್ಲ. ಕೆಟ್ಟರೆ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಶಿವಮೊಗ್ಗದಲ್ಲಿ ಸಿಗುತ್ತದಾ, ಬೆಂಗಳೂರಿಂದ ಬರಬೇಕಾ, ಬರಲು ಎಷ್ಟು ದಿನ? ದುಡ್ಡು ಕೊಡುವ ಮುಂಚೆ ಕೇಳಿ.

ಟೆಸ್ಟ್ ರೈಡಿಗೆ ಕೊಟ್ಟಾಗ ಬಿ.ಎಚ್. ರಸ್ತೆಯಲ್ಲಿ ನೇರ ಓಡಿಸಿ ವಾಪಸ್ ಬರಬೇಡಿ. ಅಲ್ಲಿ ಎಲ್ಲಾ ಬೈಕೂ ಚೆನ್ನಾಗಿಯೇ ಓಡುತ್ತವೆ. ಸಂಜೆ ಜನ ಇರುವ ಹೊತ್ತಿಗೆ ಗಾಂಧಿ ಬಜಾರಿನ ಕಡೆ ಒಂದು ಸುತ್ತು ಹೋಗಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಕಾಲು ನೆಲಕ್ಕೆ ಊರದೆ ಯು-ಟರ್ನ್ ಮಾಡಿ. ಮುಂದೆ ನಿಮ್ಮ ಜೊತೆ ಊರೂರು ಸುತ್ತುವವರು ಯಾರೋ, ಅವರನ್ನೇ ಹಿಂದೆ ಕೂರಿಸಿಕೊಂಡು ಮಾಡಿ. ಶೋರೂಮಿನವರು ಹಾಗೆಲ್ಲ ಆಗುವುದಿಲ್ಲ ಅಂದರೆ ಬೇರೆ ಶೋರೂಮಿಗೆ ಹೋಗಿ. ನಮಸ್ಕಾರ.