ಚೀನೀ ಸಾಹಿತ್ಯದಲ್ಲಿ ಎಂ.ಎ.: ಕ್ಲಾಸಿನಲ್ಲಿ ಏನು ಓದುತ್ತಾರೆ?

[ಪರದೆಯ ಮೇಲೆ: ಹಳೆಯ ಚೀನೀ ಪುಸ್ತಕದ ಒಂದು ಪುಟ. ಮೇಲಿನಿಂದ ಕೆಳಗೆ ಅಕ್ಷರಗಳು.]

ನಮಸ್ಕಾರ. ಚೀನೀ ಸಾಹಿತ್ಯದಲ್ಲಿ ಎಂ.ಎ. ಮಾಡುತ್ತೇನೆ ಎಂದರೆ ಮನೆಯವರು ಮೊದಲು ಕೇಳುವುದು, "ಓ, ಚೈನೀಸ್ ಮಾತಾಡೋಕೆ ಕಲೀತೀಯಾ?" ಮಾತಾಡುವುದು ಅದಕ್ಕೂ ಮುಂಚೆಯೇ ಬಂದಿರಬೇಕು. ಎಂ.ಎ. ಕೆಲಸವೇ ಬೇರೆ. ಸಿಲಬಸ್ ಓದಿ ಹೇಳಿದರೆ ನಿಮಗೆ ನಿದ್ದೆ ಬರುತ್ತದೆ. ಅದರ ಬದಲು ಒಂದು ಕಥೆ ತೆಗೆದುಕೊಳ್ಳೋಣ.

1918ರ ಮೇ ತಿಂಗಳು. 'ಹೊಸ ಯುವಜನ' ಎಂಬ ಪತ್ರಿಕೆಯಲ್ಲಿ 'ಹುಚ್ಚನ ಡೈರಿ' ಎಂಬ ಕಥೆ ಬಂತು. ಬರೆದವರು ಚೌ ಶುರೆನ್. ಜಪಾನಿಗೆ ಹೋಗಿ ಡಾಕ್ಟರಿಕೆ ಓದಲು ಶುರು ಮಾಡಿ, ಅರ್ಧಕ್ಕೇ ಬಿಟ್ಟವರು. ಈ ಕಥೆಗೆ ಅವರು ಹಾಕಿಕೊಂಡ ಹೆಸರು ಲು ಶುನ್. ಜನ ನೆನಪಿಟ್ಟುಕೊಂಡಿದ್ದು ಅದನ್ನೇ.

ಸುತ್ತಲಿನವರೆಲ್ಲ, ಸ್ವಂತ ಅಣ್ಣ ಕೂಡ, ತನ್ನನ್ನು ಕೊಂದು ತಿನ್ನಲು ಕಾಯುತ್ತಿದ್ದಾರೆ ಎಂದು ಒಬ್ಬನಿಗೆ ಭಯ. ರಾತ್ರಿ ಇತಿಹಾಸದ ಪುಸ್ತಕ ತೆರೆಯುತ್ತಾನೆ. ಪುಟಪುಟದಲ್ಲೂ ಕರುಣೆ, ನ್ಯಾಯ, ನೀತಿ. ನಿದ್ದೆ ಬಾರದೆ ದಿಟ್ಟಿಸಿ ನೋಡಿದರೆ ಸಾಲುಗಳ ನಡುವೆ ಎರಡೇ ಅಕ್ಷರ ಕಾಣುತ್ತವೆ: 'ಮನುಷ್ಯರನ್ನು ತಿನ್ನು'.

ಇಷ್ಟನ್ನು ಅನುವಾದದಲ್ಲೇ ಓದಬಹುದು. ಕ್ಲಾಸು ಶುರುವಾಗುವುದು ಡೈರಿಗೆ ಮೊದಲಿರುವ ಪುಟ್ಟ ಮುನ್ನುಡಿಯಿಂದ. ಡೈರಿ ಇರುವುದು ಬೈಹ್ವಾದಲ್ಲಿ, ಅಂದರೆ ಆಡುಮಾತಿಗೆ ಹತ್ತಿರದ ಬರಹದಲ್ಲಿ. ಮುನ್ನುಡಿ ಮಾತ್ರ ವೆನ್‌ಯೆನ್, ಹಳೆಯ ಗ್ರಾಂಥಿಕ ಚೀನೀ. ಹಳಗನ್ನಡದಲ್ಲಿ ಮುನ್ನುಡಿ ಬರೆದು, ಕಥೆಯನ್ನು ಹೊಸಗನ್ನಡದಲ್ಲಿ ಹೇಳಿದ ಹಾಗೆ.

ಮುನ್ನುಡಿಯಲ್ಲಿ ಏನಿದೆ? ಅವನಿಗೆ ಯಾವಾಗಲೋ ಗುಣವಾಯಿತು, ಸರ್ಕಾರಿ ಹುದ್ದೆಗೆ ಕಾಯಲು ಬೇರೆ ಊರಿಗೆ ಹೋಗಿದ್ದಾನೆ ಎಂದಿದೆ. ಹುಚ್ಚ ಸತ್ಯ ಕಂಡಿದ್ದು ಆಡುಮಾತಿನಲ್ಲಿ. 'ಗುಣವಾಗಿ' ಅಧಿಕಾರಿಗಳ ಸಾಲಿಗೆ ಸೇರಿದ ಸುದ್ದಿ ಬರುವುದು ಅಧಿಕಾರಿಗಳ ಭಾಷೆಯಲ್ಲಿ. ಅನುವಾದದಲ್ಲಿ ಎರಡೂ ಒಂದೇ ಭಾಷೆಯಾಗಿಬಿಟ್ಟರೆ ಈ ಕುಟುಕು ಹೋಯಿತು. ನನ್ನನ್ನು ಕೇಳಿದರೆ, ಮೂಲದ ಜೊತೆ ಗುದ್ದಾಡಲು ಇದೊಂದೇ ಕಾರಣ ಸಾಕು.

[ಪರದೆಯ ಮೇಲೆ: ಒಲೆಯ ಮೇಲೆ ಕುದಿಯುವ ದೊಡ್ಡ ಪಾತ್ರೆ.]

ಇನ್ನೊಂದು ಗಂಟು ನೋಡಿ. ಇಯಾ ಎಂಬ ಅಡುಗೆಯವನು ತನ್ನ ಮಗನನ್ನೇ ಬೇಯಿಸಿ ಚಿಯೆ ಮತ್ತು ಚೌ ಎಂಬ ದುಷ್ಟ ರಾಜರಿಗೆ ಬಡಿಸಿದ ಎನ್ನುತ್ತಾನೆ ಹುಚ್ಚ. ಹಳೆಯ ಗ್ರಂಥ ತೆರೆದರೆ, ಇಯಾ ಬಡಿಸಿದ್ದು ಚೀ ರಾಜ್ಯದ ಹ್ವಾನ್ ದೊರೆಗೆ. ಚಿಯೆ, ಚೌ ಅದಕ್ಕೂ ನೂರಾರು ವರ್ಷ ಹಿಂದಿನವರು. ಅವರಿಬ್ಬರೂ ಒಂದೇ ಕಾಲದವರೂ ಅಲ್ಲ! ಲು ಶುನ್ ಎಡವಿದರಾ? ಡೈರಿಯ ತಪ್ಪುಗಳಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ ಎಂದು ಮುನ್ನುಡಿಯಲ್ಲೇ ಹೇಳಿಬಿಟ್ಟಿದ್ದಾರೆ. ಹುಚ್ಚನ ಡೈರಿ ಅಲ್ವಾ.

ಅಪ್ಪ ಅಮ್ಮನಿಗೆ ಕಾಯಿಲೆಯಾದರೆ ಮಗ ತನ್ನ ಮೈಯ ಮಾಂಸ ಕೊಯ್ದು ಬೇಯಿಸಿ ಕೊಡಬೇಕು ಎಂದು ಅಣ್ಣ ಹೇಳಿದ್ದನ್ನೂ ಅವನು ನೆನೆಯುತ್ತಾನೆ. ಇದು ಸುಮ್ನೆ ಕಲ್ಪನೆ ಅಲ್ಲ. ಹೀಗೆ ಮಾಡಿದ ಮಕ್ಕಳನ್ನು ಹೊಗಳುವ ಬರಹಗಳು ಊರೂರಿನ ಹಳೆಯ ದಾಖಲೆಗಳಲ್ಲಿವೆ. ಒಬ್ಬ ವಿದ್ಯಾರ್ಥಿ ಅಲ್ಲಿಂದ ಕುಟುಂಬದ ಇತಿಹಾಸಕ್ಕೆ ಇಳಿಯಬಹುದು, ಇನ್ನೊಬ್ಬ ವೈದ್ಯದ ಇತಿಹಾಸಕ್ಕೆ. ಸಾಹಿತ್ಯ, ಸಂಸ್ಕೃತಿ, ಸಮಾಜ ಎಂದು ಕೋರ್ಸಿನ ಹೆಸರಿನಲ್ಲಿ ಮೂರು ಪದ ಇರುತ್ತವಲ್ಲ, ಓದುವಾಗ ಅವು ಬೇರೆ ಬೇರೆ ನಿಲ್ಲುವುದಿಲ್ಲ.

ಲಿಪಿಯ ತಲೆನೋವೂ ಇದೆ. ಚೀನಾ 1956ರಲ್ಲಿ ಅಕ್ಷರಗಳನ್ನು ಸರಳ ಮಾಡಿತು. 1918ರ ಪತ್ರಿಕೆ ಓದಲು ಹಳೆಯ ರೂಪಗಳೂ ಬರಬೇಕು. ಎರಡನ್ನೂ ಕಲಿಯಿರಿ, ಬೇರೆ ದಾರಿ ಇಲ್ಲ. ನಮ್ಮ ದೇಶದಲ್ಲಿ ಓದಬೇಕೆಂದರೆ ದೆಹಲಿಯ ಜೆ.ಎನ್.ಯು. ಇದೆ. ಶಾಂತಿನಿಕೇತನದಲ್ಲಿ 1937ರಲ್ಲಿ ಶುರುವಾದ ಚೀನಾ ಭವನ ಇದೆ.

[ಪರದೆಯ ಮೇಲೆ: ಬಾದಾಮಿಯ ಗುಹೆಗಳು.]

ಕೊನೆಗೆ ನಮಗೇ ಸಂಬಂಧಪಟ್ಟದ್ದು. ಹ್ಯುಯೆನ್ ತ್ಸಾಂಗ್ ತನ್ನ ಪ್ರವಾಸದ ಪುಸ್ತಕವನ್ನು 646ರಲ್ಲಿ ಮುಗಿಸಿದ. ಅದರಲ್ಲಿ ಇಮ್ಮಡಿ ಪುಲಕೇಶಿ ಇದ್ದಾನೆ. ಹರ್ಷನಿಗೂ ಮಣಿಯದ ರಾಜ. ಸೋತು ಬಂದ ಸೇನಾಪತಿಗೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ. ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸುತ್ತಾರೆ.

ರಾಜನ ಹೆಸರು ನಾಲ್ಕು ಚೀನೀ ಅಕ್ಷರಗಳಲ್ಲಿದೆ. ಇವತ್ತಿನ ಬೀಜಿಂಗ್‌ನವರು ಓದಿದರೆ 'ಬು-ಲುವೊ-ಜಿ-ಶ' ಎಂದು ಕೇಳಿಸುತ್ತದೆ. ಇದು ಯಾರಪ್ಪಾ ಎನ್ನಬೇಕು. ಹಳೆಯ ಉಚ್ಚಾರ ಕಲಿಸುವ ಕ್ಲಾಸಿನಲ್ಲಿ ಮೂರನೇ ಅಕ್ಷರದ 'ಜ' ಆಗ 'ಕ' ಆಗಿತ್ತು ಎಂದು ಗೊತ್ತಾಗುತ್ತದೆ. ಅದೇ ನಾಲ್ಕು ಅಕ್ಷರ ಈಗ ಮತ್ತೆ ಓದಿ: ಪು-ಲ-ಕೇ-ಶ.