ವೆಂಟಿಲೇಟರ್ ತೆಗೆಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ಐಸಿಯು ಬಾಗಿಲಲ್ಲಿ ನಿಂತು ವೈದ್ಯರು "ಮುಂದೇನು ಮಾಡೋಣ, ನೀವೇ ಹೇಳಿ" ಅಂದುಬಿಡುತ್ತಾರೆ. ಮಗಳು "ವೆಂಟಿಲೇಟರ್ ತೆಗೆದುಬಿಡಿ" ಅಂದರೆ, ಅಪ್ಪನ ಉಸಿರು ನಿಲ್ಲಿಸಿದವಳು ತಾನೇ ಎಂಬ ಕೊರಗು ವರ್ಷಗಟ್ಟಲೆ ಕಾಡುತ್ತದೆ. ಆ ಪ್ರಶ್ನೆಯೇ ತಪ್ಪು. ಕೇಳಬೇಕಾದದ್ದು ಇದು: ನಿಮ್ಮ ತಂದೆ ಈಗ ಎದ್ದು ಕೂತು ತಮ್ಮ ಸ್ಥಿತಿಯನ್ನು ಪೂರ್ತಿ ಕೇಳಿಸಿಕೊಂಡಿದ್ದರೆ ಏನು ಹೇಳುತ್ತಿದ್ದರು? ಚಿಕಿತ್ಸೆಯಿಂದ ಇನ್ನು ಪ್ರಯೋಜನವಿದೆಯೋ ಇಲ್ಲವೋ ಎಂದು ಹೇಳುವುದು ವೈದ್ಯರ ಕೆಲಸ. ಮನೆಯವರು ತರಬೇಕಾದದ್ದು ರೋಗಿಯ ಮನಸ್ಸನ್ನು ಮಾತ್ರ. ವೈದ್ಯರು ಹಾಗೆ ಕೇಳದಿದ್ದರೆ ನೀವೇ ಮಾತನ್ನು ಅಲ್ಲಿಗೆ ತನ್ನಿ. ನಿಂತು ಅಲ್ಲ, ಬೇರೆ ಕೋಣೆಯಲ್ಲಿ ಕೂತು.

ಮಿದುಳು ಸಾವಿನ ವಿಷಯ ಬೇರೆ, ಅದನ್ನು ಇಲ್ಲಿ ಬೆರೆಸಬೇಡಿ. ನಾವು ಹೇಳುತ್ತಿರುವುದು ಮಿದುಳು ಪೂರ್ತಿ ಸತ್ತಿಲ್ಲದ, ಆದರೆ ಚೇತರಿಸಿಕೊಳ್ಳುವ ಲಕ್ಷಣ ಕಾಣದ ರೋಗಿಯ ಮಾತು.

ಅವಸರವೂ ಬೇಡ. ಹೃದಯ ನಿಂತು ಮತ್ತೆ ಬಡಿದವರಲ್ಲಿ ಮಿದುಳಿಗೆ ಎಷ್ಟು ಪೆಟ್ಟಾಗಿದೆ ಎನ್ನಲು ಕನಿಷ್ಠ 72 ಗಂಟೆ ಕಾಯಬೇಕು. ಮೂತ್ರಪಿಂಡವೋ ಯಕೃತ್ತೋ ಸೋತಿದ್ದರೆ ಮಂಪರಿನ ಔಷಧಿ ಇಳಿಯುವುದು ಇನ್ನೂ ತಡ. ಔಷಧಿಯ ನಿದ್ದೆಯನ್ನೇ ಮಿದುಳಿನ ಹಾನಿ ಎಂದುಕೊಳ್ಳುವ ಅಪಾಯವಿದೆ. ಮನೆಯಲ್ಲಿ ಒಮ್ಮತ ಬರದಿದ್ದರೆ 3ರಿಂದ 5 ದಿನದ ಗಡುವು ಇಟ್ಟು ಚಿಕಿತ್ಸೆ ಮುಂದುವರಿಸಿ ಎನ್ನಬಹುದು. ಏನನ್ನು ನೋಡಬೇಕೆಂದು ಅವತ್ತೇ ಗೊತ್ತುಮಾಡಿಕೊಳ್ಳಿ: ಯಂತ್ರದಿಂದ ಕೊಡಬೇಕಾದ ಆಮ್ಲಜನಕದ ಪ್ರಮಾಣ ಇಳಿಯಿತೇ, ರಕ್ತದೊತ್ತಡ ಹಿಡಿದಿಡುವ ಔಷಧಿ ನಾರ್‌ಅಡ್ರಿನಲಿನ್ ಕಡಿಮೆ ಸಾಕಾಯಿತೇ, ಕರೆದರೆ ಕಣ್ಣು ಬಿಟ್ಟರೇ. ಇದಿಲ್ಲದ ಗಡುವು ಸುಮ್ಮನೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ನಿರ್ಧಾರವಾದ ಮೇಲೆ ಕೆಲಸ ನಡೆಯುವ ಕ್ರಮ ಮುಖ್ಯ. ಸ್ನಾಯು ಸಡಿಲಿಸುವ ಔಷಧಿ ಕೊಡುತ್ತಿದ್ದರೆ ಅದನ್ನು ನಿಲ್ಲಿಸಿ, ಪರಿಣಾಮ ಪೂರ್ತಿ ಇಳಿಯುವವರೆಗೆ ಕಾಯಬೇಕು. ಇಲ್ಲವಾದರೆ ರೋಗಿಗೆ ಸಂಕಟವಾದರೂ ಮುಖದಲ್ಲಿ ಕಾಣುವುದಿಲ್ಲ. ಎದೆಯಲ್ಲಿ ಡಿಫಿಬ್ರಿಲೇಟರ್, ಅಂದರೆ ಹೃದಯದ ಬಡಿತ ತಪ್ಪಿದರೆ ಶಾಕ್ ಕೊಡುವ ಯಂತ್ರ ಇದ್ದರೆ ಅದನ್ನೂ ಆರಿಸಿಡಬೇಕು, ಇಲ್ಲದಿದ್ದರೆ ಸಾಯುವ ಗಳಿಗೆಯಲ್ಲಿ ಶಾಕ್ ಕೊಡಬಹುದು. ಇದು ಮರೆತುಹೋಗುವುದುಂಟು. ಆಮೇಲೆ ನೋವು, ಉಸಿರಿನ ಸಂಕಟ ತಗ್ಗಿಸುವ ಮಾರ್ಫಿನ್, ಜೊತೆಗೆ ಬೇಕಿದ್ದರೆ ಮಂಪರು ತರುವ ಮಿಡಜೋಲಮ್. ಮೊದಲು ಮಾರ್ಫಿನ್ ಪಡೆಯದ ವಯಸ್ಕರಿಗೆ ರಕ್ತನಾಳದಲ್ಲಿ 2ರಿಂದ 5 ಮಿಲಿಗ್ರಾಂ ಕೊಟ್ಟು, ನೋಡಿ, ಬೇಕಾದರೆ ಮತ್ತೆ. ಉಸಿರಿಗೆ ಒದ್ದಾಟ ಶುರುವಾದ ಮೇಲೆ ಕೊಡುವುದಲ್ಲ, ಮೊದಲೇ ಕೊಡುವುದು. ನಂತರ ನಾರ್‌ಅಡ್ರಿನಲಿನ್, ಡಯಾಲಿಸಿಸ್ ನಿಲ್ಲುತ್ತವೆ. ಕೋಣೆಯ ಮಾನಿಟರ್, ಅಲಾರಂ ಆರಿಸುತ್ತಾರೆ. ಆರಿಸದಿದ್ದರೆ ಆರಿಸಲು ಹೇಳಿ. ಎಲ್ಲರ ಕಣ್ಣೂ ಪರದೆಯ ಮೇಲೇ ಇದ್ದರೆ ರೋಗಿಯ ಮುಖ ನೋಡುವವರಿರುವುದಿಲ್ಲ. ಆಮ್ಲಜನಕವನ್ನು ಕೋಣೆಯ ಗಾಳಿಯಲ್ಲಿರುವ ಶೇಕಡ 21ಕ್ಕೆ ಇಳಿಸಿ, ಯಂತ್ರದ ಒತ್ತಡವನ್ನು ಹಂತ ಹಂತವಾಗಿ ತಗ್ಗಿಸಿ, ಕೊನೆಗೆ ಗಂಟಲ ಕೊಳವೆ ತೆಗೆಯುತ್ತಾರೆ.

ಆಮೇಲೆ ಗಂಟಲಲ್ಲಿ ಗೊರಗೊರ ಶಬ್ದ ಬರಬಹುದು. ನುಂಗಲಾಗದ ಜೊಲ್ಲು ಅದು. ಜೊಲ್ಲು ತಗ್ಗಿಸುವ ಗ್ಲೈಕೊಪೈರೊಲೇಟ್ ಔಷಧಿ ಮುಂಚೆಯೇ ಕೊಟ್ಟರೆ ಕಡಿಮೆ, ತುಂಬಿದ ಮೇಲೆ ಅಷ್ಟು ಉಪಯೋಗವಿಲ್ಲ. ಪಕ್ಕಕ್ಕೆ ಹೊರಳಿಸಿದರೆ ಸ್ವಲ್ಪ ತಗ್ಗುತ್ತದೆ. ಬಿಟ್ಟು ಬಿಟ್ಟು ಬರುವ ಏದುಸಿರು ನೋಡುವವರಿಗೇ ಹೆಚ್ಚು ಕಷ್ಟ. ಹುಬ್ಬು ಗಂಟಿಕ್ಕಿದರೆ, ಉಸಿರಾಟ ತೀರಾ ಜೋರಾದರೆ ದಾದಿಯನ್ನು ಕರೆಯಿರಿ, ಔಷಧಿ ಹೆಚ್ಚಿಸಬೇಕು.

ಎಷ್ಟು ಹೊತ್ತು? ಹೆಚ್ಚಿನವರಲ್ಲಿ ನಿಮಿಷಗಳು, ಗಂಟೆಗಳು. ಕೆಲವರಲ್ಲಿ ದಿನ ದಾಟುತ್ತದೆ. ಅಮೆರಿಕದಲ್ಲಿ ಪ್ರಜ್ಞೆ ಮರಳದೆ ಮಲಗಿದ್ದ ಯುವತಿ ಕರೆನ್ ಆನ್ ಕ್ವಿನ್ಲನ್ ಅವರ ವೆಂಟಿಲೇಟರನ್ನು ನ್ಯಾಯಾಲಯದ ಒಪ್ಪಿಗೆ ಪಡೆದು 1976ರಲ್ಲಿ ತೆಗೆದರು. ಆಕೆ ಸ್ವಂತ ಉಸಿರಿನಲ್ಲೇ 1985ರವರೆಗೆ ಇದ್ದರು. ಆದ್ದರಿಂದ ಗಡಿಯಾರ ನೋಡಿಕೊಂಡು ಯಾರೂ ಮಾತು ಕೊಡಲಾರರು. ಮನೆಯವರು ಸರದಿಯಂತೆ ಮಲಗಿ, ಊಟ ಮಾಡಿ. ರೋಗಿಯನ್ನು ವಾರ್ಡಿಗೆ ಸಾಗಿಸುವುದಾದರೆ ಮಾರ್ಫಿನ್ ಪಂಪ್ ಜೊತೆಗೇ ಹೋಗುತ್ತದೆಯೇ, ಅಲ್ಲಿ ರಾತ್ರಿ ಅದನ್ನು ನೋಡಿಕೊಳ್ಳುವವರು ಯಾರು ಎಂದು ಹೊರಡುವ ಮೊದಲೇ ಕೇಳಿ.